ವೈದ್ಯಕೀಯ ಸಮ್ಮೇಳನದ ಸಾರಾಂಶಗಳನ್ನು ಪರಿಶೀಲಿಸಲು ಮುಂದಾಗುವವರಿಗೆ

ಸಮ್ಮೇಳನದಲ್ಲಿ ಮಂಡಿಸಲೆಂದು ಸಂಶೋಧಕರು ಕಳುಹಿಸುವ ಚುಟುಕು ವರದಿಗಳೇ ಸಾರಾಂಶಗಳು. ಸಮ್ಮೇಳನದ ವೈಜ್ಞಾನಿಕ ಸಮಿತಿಯು ಪರಿಶೀಲಕರಿಗಾಗಿ ಕರೆ ನೀಡಿದಾಗ ಅರ್ಜಿಯಲ್ಲಿ ನಿಮ್ಮ ಪರಿಣತಿಯನ್ನು ಆದಷ್ಟು ನಿಖರವಾಗಿ ನಮೂದಿಸಿರಿ. ‘ಹೃದ್ರೋಗ’ ಎಂದಷ್ಟೇ ಬರೆದರೆ ನಿಮಗೆ ಹಿಡಿತವಿಲ್ಲದ ವಿಷಯಗಳೂ ಪಾಲಿಗೆ ಬರುತ್ತವೆ. ಸಾಮಾನ್ಯವಾಗಿ ಈ ಕೆಲಸಕ್ಕೆ ಸಂಭಾವನೆ ಇರುವುದಿಲ್ಲ, ಗಡುವು ಮಾತ್ರ ಬಿಗಿಯಾಗಿರುತ್ತದೆ.

ಸಾರಾಂಶಗಳು ಕೈಸೇರಿದ ಕೂಡಲೇ ಎಲ್ಲದರ ಮೇಲೂ ಒಮ್ಮೆ ಕಣ್ಣಾಡಿಸಿ, ಲೇಖಕರ ಹೆಸರನ್ನು ಮರೆಮಾಡಿದ್ದರೂ ಸಹೋದ್ಯೋಗಿಯದೋ ಹಳೆಯ ವಿದ್ಯಾರ್ಥಿಯದೋ ಎಂದು ಗುರುತು ಸಿಕ್ಕ ಬರಹವನ್ನು ಕಾರಣ ತಿಳಿಸಿ ಸಮಿತಿಗೆ ಹಿಂದಿರುಗಿಸಬೇಕು. ಉಳಿದವೂ ಗೋಪ್ಯವೇ, ಅವುಗಳನ್ನು ಕೃತಕ ಬುದ್ಧಿಮತ್ತೆಯ ಸಾರ್ವಜನಿಕ ತಾಣಗಳಿಗೆ ಹಾಕಕೂಡದು.

ನಾನು ತೀರ್ಮಾನವನ್ನು ಬದಿಗಿಟ್ಟು ವಿಧಾನ ಮತ್ತು ಫಲಿತಾಂಶಗಳನ್ನೇ ಮೊದಲು ಓದುತ್ತೇನೆ, ಏಕೆಂದರೆ ತೀರ್ಮಾನದ ಆತ್ಮವಿಶ್ವಾಸ ಓದುಗನನ್ನು ಸುಲಭವಾಗಿ ಒಲಿಸಿಕೊಳ್ಳುತ್ತದೆ. ‘ಗಣನೀಯ ಸುಧಾರಣೆ ಕಂಡುಬಂದಿತು’ ಎಂಬ ವಾಕ್ಯದ ಹಿಂದೆ ಎಷ್ಟು ರೋಗಿಗಳಿದ್ದರು, ಹೋಲಿಕೆ ಯಾರೊಂದಿಗೆ, ಮಧ್ಯದಲ್ಲಿ ಎಷ್ಟು ಮಂದಿ ಕೈಬಿಟ್ಟರು ಎಂಬುದನ್ನು ಹುಡುಕಿರಿ. ‘ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಮಂಡಿಸಲಾಗುವುದು’ ಎಂದಿದ್ದರೆ, ವಿಷಯ ಎಷ್ಟೇ ಆಕರ್ಷಕವಾಗಿರಲಿ, ಹೆಚ್ಚಿನ ಅಂಕ ಕೊಡಲು ಆಧಾರವಿಲ್ಲ. ಯಾದೃಚ್ಛಿಕ ಪ್ರಯೋಗಗಳಾದರೆ, ಅಂದರೆ ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಅಧ್ಯಯನಗಳಾದರೆ, ವರದಿಯಲ್ಲಿ ಏನೇನಿರಬೇಕೆಂದು ತಿಳಿಸುವ, 2008ರಲ್ಲಿ ಪ್ರಕಟವಾದ, ಸಾರಾಂಶಗಳಿಗೆಂದೇ ರೂಪಿಸಿದ ಕನ್ಸಾರ್ಟ್ (CONSORT) ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿರಿ.

ಟಿಪ್ಪಣಿ ಬರೆಯುವಾಗ ‘ಚೆನ್ನಾಗಿಲ್ಲ’ ಎನ್ನುವ ಬದಲು ‘ಹೋಲಿಕೆಯ ಗುಂಪಿನ ವಯೋಮಾನವನ್ನು ತಿಳಿಸಿಲ್ಲ’ ಎಂದು ಬರೆದರೆ ಲೇಖಕರಿಗೂ ಸಮಿತಿಗೂ ಉಪಯೋಗವಾಗುತ್ತದೆ. ಓದುತ್ತಾ ಹೋದಂತೆ ಅಳತೆಗೋಲು ಅರಿವಿಲ್ಲದೆ ಬದಲಾಗುವುದರಿಂದ, ಕೊನೆಯ ಸಾರಾಂಶ ಮುಗಿದ ಮೇಲೆ ಮೊದಲ ಐದಾರಕ್ಕೆ ಕೊಟ್ಟ ಅಂಕಗಳನ್ನು ಮತ್ತೊಮ್ಮೆ ನೋಡಿ, ಅನಂತರವೇ ಸಲ್ಲಿಸಿರಿ.