ಸ್ಟ್ಯಾಂಡಿಂಗ್ ಡೆಸ್ಕ್ ಕೊಳ್ಳುವ ಮೊದಲು ಮೊಣಕೈ ಅಳೆಯಿರಿ

ಗೆಳೆಯರ, ನೆಂಟರ ಮನೆಗಳಲ್ಲಿ ನಾನು ನೋಡಿದ, ಕೂತೂ ನಿಂತೂ ಕೆಲಸ ಮಾಡಲು ಏರಿಸಿ ಇಳಿಸುವ ಸ್ಟ್ಯಾಂಡಿಂಗ್ ಡೆಸ್ಕ್‌ಗಳಲ್ಲಿ ಅರ್ಧದಷ್ಟು ಈಗ ಮೇಲೇಳುವುದೇ ಇಲ್ಲ. ಮೋಟರ್ ಏನೂ ಕೆಟ್ಟಿಲ್ಲ. ಮೊದಲ ವಾರ ಉತ್ಸಾಹದಿಂದ ನಿಂತರು, ಎರಡನೇ ವಾರ ಕತ್ತು ಹಿಡಿಯಿತು, ಮೂರನೇ ವಾರ ಹಿಮ್ಮಡಿ ನೋಯತೊಡಗಿತು. ‘ಇದು ನಮಗೆ ಆಗಿಬರಲ್ಲ’ ಅಂತ ಬಿಟ್ಟುಬಿಟ್ಟರು. ಅಷ್ಟು ದುಡ್ಡು ಕೊಟ್ಟು ತಂದ ಟೇಬಲ್ ಮೇಲೆ ಈಗ ಇಸ್ತ್ರಿ ಬಟ್ಟೆಯ ರಾಶಿ. ನನಗೆ ಇದು ನಿಜಕ್ಕೂ ಬೇಸರದ ವಿಷಯ, ಯಾಕೆಂದರೆ ಹೆಚ್ಚಿನವರು ಎಡವುವುದು ಒಂದೇ ಕಡೆ, ಅಳತೆಯಲ್ಲಿ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡಿಕೊಳ್ಳೋಣ. ಈ ಟೇಬಲ್ ಇರುವುದು ದಿನವಿಡೀ ನಿಲ್ಲಲು ಅಲ್ಲ. ದಿನವಿಡೀ ನಿಲ್ಲುವ ಕಷ್ಟ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಕೇರಳದಲ್ಲಿ ಅವರು ಹೋರಾಡಿ, 2018ರಲ್ಲಿ ಕೆಲಸದ ನಡುವೆ ಕೂರುವ ಹಕ್ಕನ್ನು ಕಾನೂನಿನಲ್ಲೇ ಪಡೆದರು. 2021ರಲ್ಲಿ ತಮಿಳುನಾಡೂ ಅಂಥದೇ ತಿದ್ದುಪಡಿ ತಂದಿತು. ನಿಂತೇ ಇದ್ದರೆ ಕಾಲಿನ ನರ ಉಬ್ಬುತ್ತದೆ, ಸೊಂಟ ಹಿಡಿಯುತ್ತದೆ. ತೂಕ ಇಳಿಯುತ್ತದೆ ಅನ್ನುವ ಆಸೆಯನ್ನೂ ಬಿಡಿ. ಕೂತಿದ್ದಕ್ಕಿಂತ ನಿಂತರೆ ಗಂಟೆಗೆ ಹತ್ತು ಕ್ಯಾಲರಿಯ ಆಸುಪಾಸು ಜಾಸ್ತಿ ಖರ್ಚಾಗಬಹುದು, ಅಷ್ಟೇ. ನಮಗೆ ಬೇಕಿರುವುದು ಆಗಾಗ ಭಂಗಿ ಬದಲಿಸುವ ಅನುಕೂಲ. ಹಾಗಾಗಿ ಈ ಟೇಬಲ್ ಕೂರುವುದಕ್ಕೂ ಸರಿಹೊಂದಬೇಕು.

ಒಂದು ವಾರ ಅಡುಗೆಮನೆ ಕಟ್ಟೆ

ಕೊಳ್ಳುವ ಮುಂಚೆ ಲ್ಯಾಪ್‌ಟಾಪನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು ದಿನಕ್ಕೆ ಎರಡು ಸಲ ಹದಿನೈದು ನಿಮಿಷ ಕೆಲಸ ಮಾಡಿ ನೋಡಿ. ನಮ್ಮ ಕಟ್ಟೆಗಳು ಸಾಮಾನ್ಯವಾಗಿ 32ರಿಂದ 34 ಇಂಚು ಇರುತ್ತವೆ. ಅದು ಟೈಪಿಂಗ್‌ಗೆ ತಗ್ಗು, ಲ್ಯಾಪ್‌ಟಾಪಿನ ಕೆಳಗೆ ಒಂದು ಗಟ್ಟಿ ಸ್ಟೀಲ್ ಡಬ್ಬಿ ಮಗುಚಿ ಇಡಿ. ಒಂದು ವಾರದಲ್ಲಿ ನಿಮಗೆ ಇದು ಬೇಕೋ ಬೇಡವೋ ತಿಳಿಯುತ್ತದೆ.

ಅಳತೆ: ಇಲ್ಲಿ ಅವಸರ ಬೇಡ

ಇದನ್ನು ಒಬ್ಬರೇ ಮಾಡಲು ಹೋಗಬೇಡಿ. ಟೇಪು ಹಿಡಿಯಲು ಮನೆಯವರನ್ನು ಕರೆಯಿರಿ. ಕೆಲಸ ಮಾಡುವಾಗ ಕಾಲಿಗೆ ಏನು ಹಾಕುತ್ತೀರೋ ಹಾಗೇ ನಿಲ್ಲಿ. ಹೆಚ್ಚಿನವರು ಮನೆಯಲ್ಲಿ ಬರಿಗಾಲು, ಅಲ್ವಾ? ಹಾಗಿದ್ದರೆ ಬರಿಗಾಲಲ್ಲೇ ಅಳೆಯಿರಿ. ಹೆಗಲು ಇಳಿಬಿಡಿ. ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟರೆ ಹೆಗಲು ತಾನಾಗಿ ಇಳಿಯುತ್ತದೆ. ತೋಳು ಮೈಗೆ ತಾಗಿರಲಿ, ಮೊಣಕೈ ಮಡಚಿ ಮುಂಗೈಯನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಈಗ ನೆಲದಿಂದ ಮೊಣಕೈಯ ಕೆಳಭಾಗದವರೆಗೆ ಅಳೆಯಲು ಹೇಳಿ. 5 ಅಡಿ 2 ಇಂಚಿನವರಿಗೆ ಇದು 98 ಸೆಂ.ಮೀ. ಹತ್ತಿರ ಬರುತ್ತದೆ, 6 ಅಡಿಯವರಿಗೆ 115ರ ಹತ್ತಿರ. ಆದರೆ ಈ ಅಂಕಿಗಳನ್ನು ನಂಬಿ ಕೊಳ್ಳಬೇಡಿ. ಒಂದೇ ಎತ್ತರದ ಇಬ್ಬರ ತೋಳು ಒಂದೇ ಉದ್ದ ಇರುವುದಿಲ್ಲ.

ಈಗ ಕುರ್ಚಿಯ ಮೇಲೆ ಕೂತು ಎರಡನೇ ಅಳತೆ. ಪಾದ ಪೂರ್ತಿ ನೆಲಕ್ಕೆ ಊರಿರಬೇಕು, ತೊಡೆಯ ಕೆಳಗೆ ಕುರ್ಚಿಯ ಅಂಚು ಒತ್ತಬಾರದು. ಕುರ್ಚಿಯನ್ನು ಹಾಗೆ ಹೊಂದಿಸಿಕೊಂಡ ಮೇಲೆ ಮತ್ತೆ ನೆಲದಿಂದ ಮೊಣಕೈಗೆ ಟೇಪು ಹಿಡಿಯಿರಿ. 5 ಅಡಿ 2 ಇಂಚಿನ ಹೆಂಗಸರಿಗೆ ಇದು 60 ಸೆಂ.ಮೀ. ಆಸುಪಾಸು. ಅಂಗಡಿಯಲ್ಲಿ ಸಿಗುವ ಮಾಮೂಲಿ ಟೇಬಲ್ 75 ಸೆಂ.ಮೀ. ವರ್ಷಗಟ್ಟಲೆ ಹೆಗಲು ಎತ್ತಿಕೊಂಡೇ ಟೈಪ್ ಮಾಡಿದವರಿಗೆ ಸಂಜೆಯಾದರೆ ಕತ್ತಿನ ಬುಡ ಕಲ್ಲಾಗುವುದು ಇದರಿಂದಲೇ.

ಆರಿಸುವಾಗ ತಪ್ಪುವುದೂ ಇಲ್ಲೇ. ಎಲ್ಲರೂ ಡೆಸ್ಕ್ ಎಷ್ಟು ಮೇಲೇಳುತ್ತದೆ ಎಂದು ಕೇಳುತ್ತಾರೆ. ಮೋಟರ್ ಇರುವ ಹೆಚ್ಚಿನ ಡೆಸ್ಕ್‌ಗಳು 115-120 ಸೆಂ.ಮೀ. ಮುಟ್ಟುತ್ತವೆ, ನಮ್ಮಲ್ಲಿ ಬಹುತೇಕರಿಗೆ ಅದು ಧಾರಾಳ. ಕೇಳಬೇಕಾದ ಪ್ರಶ್ನೆ ‘ಎಷ್ಟು ಕೆಳಗಿಳಿಯುತ್ತದೆ?’ ಎಂಬುದು. ಡೆಸ್ಕಿನ ಕಾಲು ಒಂದರೊಳಗೊಂದು ಜಾರುವ ಎರಡು ಹಂತದ ಕೊಳವೆಯದ್ದಾದರೆ ಸಾಮಾನ್ಯವಾಗಿ 70 ಸೆಂ.ಮೀ. ಹತ್ತಿರವೇ ನಿಂತುಬಿಡುತ್ತದೆ. ಮೂರು ಹಂತದ್ದಾದರೆ 60-62ರವರೆಗೆ ಇಳಿಯುತ್ತದೆ. ಈ ಲೆಕ್ಕ ಬರೀ ಫ್ರೇಮಿನದ್ದು, ಮೇಲಿನ ಹಲಗೆಯ ಎರಡೂವರೆ ಸೆಂ.ಮೀ. ನೀವೇ ಕೂಡಿಸಿಕೊಳ್ಳಬೇಕು. ನೀವು ಐದೂವರೆ ಅಡಿಗಿಂತ ಕಡಿಮೆ ಎತ್ತರದವರಾದರೆ ಮೂರು ಹಂತದ್ದನ್ನೇ ತಗೊಳ್ಳಿ. ಇದರಲ್ಲಿ ರಾಜಿ ಬೇಡ. ಆಮೇಲೂ ನಾಲ್ಕೈದು ಸೆಂ.ಮೀ. ಹೆಚ್ಚೇ ಉಳಿದರೆ ಕುರ್ಚಿಯನ್ನು ಅಷ್ಟು ಏರಿಸಿ, ಪಾದದಡಿ ಊಟದ ಮಣೆ ಇಟ್ಟುಕೊಳ್ಳಿ.

ಯಾವುದು ತಗೊಳ್ಳಬೇಕು

ಹಿಡಿಕೆ ತಿರುಗಿಸಿ ಏರಿಸುವ ಡೆಸ್ಕ್ ಅಗ್ಗ. ಆದರೆ ಒಂದು ತಿಂಗಳಾದ ಮೇಲೂ ದಿನಕ್ಕೆ ನಾಲ್ಕು ಸಲ ಅದನ್ನು ತಿರುಗಿಸುವವರನ್ನು ನಾನು ನೋಡಿಲ್ಲ. ಬೇಡ. ಇರುವ ಟೇಬಲ್ ಮೇಲೆ ಇಟ್ಟು ಏರಿಸಿ ಇಳಿಸುವ ಕನ್ವರ್ಟರ್ ಕೂಡ ಬೇಡ. 75 ಸೆಂ.ಮೀ. ಟೇಬಲ್ ಮೊದಲೇ ಎತ್ತರ, ಅದರ ಮೇಲೆ ಇದರ ದಪ್ಪವೂ ಸೇರಿದರೆ ಕೂತಾಗ ಹೆಗಲು ಇನ್ನೂ ಮೇಲೇರುತ್ತದೆ. ಟೇಬಲ್ ಕಾಲಿಗೆ ಇಟ್ಟಿಗೆ ಕೊಡುವ ಉಪಾಯ ಅಪಾಯ, ಒಮ್ಮೆ ಜಾರಿದರೆ ಮಾನಿಟರ್ ಹೋದಂತೆಯೇ. ದುಡ್ಡು ಕಡಿಮೆಯಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇದೆ: ನಿಮ್ಮ ನಿಂತ ಅಳತೆಗೆ ಗೋಡೆ ಪಕ್ಕ ಒಂದು ಅಡಿ ಅಗಲದ ಕಟ್ಟೆಯನ್ನು ಬಡಗಿಯಿಂದ ಮಾಡಿಸಿ, ಲ್ಯಾಪ್‌ಟಾಪ್ ಎತ್ತಿಕೊಂಡು ಅಲ್ಲಿಗೆ ಹೋಗಿ.

ಮೋಟರಿನದ್ದೇ ತಗೊಳ್ಳುವುದಾದರೆ ಎರಡು ಮೋಟರ್ ಇರಲಿ. ಕಂಪ್ಯೂಟರ್ ಪರದೆ ಎರಡಿದ್ದರಂತೂ ಖಂಡಿತ. ಸಾಧ್ಯವಾದರೆ ಅಂಗಡಿಗೆ ಹೋಗಿ, ಡೆಸ್ಕನ್ನು ನಿಮ್ಮ ನಿಂತ ಎತ್ತರಕ್ಕೆ ಏರಿಸಿ, ಅಂಚು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟೈಪ್ ಮಾಡುವಾಗ ಪರದೆ ನಡುಗಿದರೆ ಅದು ನಿಮ್ಮ ಟೇಬಲ್ ಅಲ್ಲ. ಡ್ರಾಯರ್ ಇರುವುದು ಬೇಡ, ತೊಡೆಗೆ ಜಾಗ ಇರುವುದಿಲ್ಲ.

ನನ್ನ ಖಚಿತ ಸಲಹೆ: ಫ್ರೇಮ್ ಮಾತ್ರ ಕಂಪನಿಯದು ತನ್ನಿ, ಹಲಗೆ ಊರಿನಲ್ಲೇ ಮಾಡಿಸಿ. ಜೊತೆಗೆ ಬರುವ ಪಾರ್ಟಿಕಲ್ ಬೋರ್ಡ್ ಮೈಸೂರಿನಲ್ಲಿ ಬಾಳಬಹುದು. ಮಂಗಳೂರು, ಶಿವಮೊಗ್ಗ, ಮಡಿಕೇರಿಯ ಮಳೆಗಾಲದಲ್ಲಿ ಅಂಚಿನಿಂದ ತೇವ ಕುಡಿದು ಉಬ್ಬುತ್ತದೆ. ಒಮ್ಮೆ ಉಬ್ಬಿದರೆ ಸ್ಕ್ರೂ ಹಿಡಿಯುವುದಿಲ್ಲ. 25 ಮಿ.ಮೀ. ಪ್ಲೈವುಡ್, ಮೇಲೆ ಕೆಳಗೆ ಎರಡೂ ಕಡೆ ಲ್ಯಾಮಿನೇಟ್, ನಾಲ್ಕೂ ಅಂಚಿಗೆ ಪಟ್ಟಿ ಹಾಕಿಸಿ. ಒಂದೇ ಕಡೆ ಲ್ಯಾಮಿನೇಟ್ ಹಾಕಿದರೆ ಹಲಗೆ ಬಾಗಬಹುದು. ಕೈ ತಾಗುವ ಮುಂದಿನ ಅಂಚನ್ನು ದುಂಡಗೆ ಉಜ್ಜಿಸಿ, ಚೂಪು ಅಂಚು ಮಣಿಕಟ್ಟನ್ನು ಕೊರೆಯುತ್ತದೆ.

ಜೋಡಣೆ

ಇಬ್ಬರು ಬೇಕು, ಒಂದೆರಡು ಗಂಟೆ ಬೇಕು. ಎಲ್ಲ ಬೋಲ್ಟ್ ಸಡಿಲವಾಗಿಯೇ ಸೇರಿಸಿ, ಕೊನೆಗೆ ಒಟ್ಟಿಗೆ ಬಿಗಿಮಾಡಿ. ಹಲಗೆಗೆ ಸ್ಕ್ರೂ ಹಾಕುವ ಮೊದಲು ಅದರ ಉದ್ದ ನೋಡಿ. ಬಡಗಿಯ ಹಲಗೆ ತೆಳುವಾಗಿದ್ದರೆ ಸ್ಕ್ರೂ ಮೇಲಿನಿಂದ ಹೊರಬರುತ್ತದೆ. ಸಣ್ಣ ತೂತು ಮೊದಲೇ ಕೊರೆದುಕೊಳ್ಳಿ.

ಎತ್ತರ ಹೊಂದಿಸುವುದು

ಡೆಸ್ಕಿನ ಅಂಕಿ ತೋರಿಸುವ ಪರದೆಯನ್ನು ನಂಬಬೇಡಿ. ಕೆಲವದರಲ್ಲಿ ಅದು ಹಲಗೆಯ ದಪ್ಪ ಸೇರಿಸಿರುವುದಿಲ್ಲ. ಟೇಪು ಹಿಡಿದೇ ನೋಡಿ. ಲೆಕ್ಕ ಸುಲಭ: ಮೊಣಕೈಯ ಎತ್ತರದಿಂದ ಕೀಬೋರ್ಡಿನ ದಪ್ಪ ಕಳೆಯಿರಿ, ಕಾಲಡಿಯ ಮ್ಯಾಟಿನ ದಪ್ಪ ಕೂಡಿಸಿ. ಮೊಣಕೈ 98 ಇದೆ, ಕೀಬೋರ್ಡ್ 2, ಮ್ಯಾಟ್ 2 ಅಂದುಕೊಳ್ಳಿ. ಹಲಗೆಯ ಮೇಲ್ಮೈ 98ಕ್ಕೆ ಬರಬೇಕು. ಮ್ಯಾಟ್ ಇಲ್ಲದೆ ಹೊಂದಿಸಿಕೊಂಡು, ಆಮೇಲೆ ಮ್ಯಾಟ್ ಹಾಕಿಕೊಂಡು, ಮಣಿಕಟ್ಟು ಯಾಕೆ ನೋಯುತ್ತಿದೆ ಎಂದು ತಿಳಿಯದೆ ಒದ್ದಾಡಿದವರನ್ನು ನೋಡಿದ್ದೇನೆ. ಟೈಪ್ ಮಾಡುವಾಗ ಮಣಿಕಟ್ಟು ನೇರ ಇರಬೇಕು. ಮೇಲಕ್ಕೆ ಮಡಚಿದರೆ ಡೆಸ್ಕ್ ಒಂದು ಸೆಂ.ಮೀ. ಇಳಿಸಿ, ಮತ್ತೆ ನೋಡಿ. ಕೀಬೋರ್ಡಿನ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿಡಿ, ಅವು ಮಣಿಕಟ್ಟನ್ನು ಬಾಗಿಸುತ್ತವೆ.

ಇನ್ನು ಪರದೆ. ಲ್ಯಾಪ್‌ಟಾಪಿನಲ್ಲಿ ಪರದೆ, ಕೀಬೋರ್ಡ್ ಅಂಟಿಕೊಂಡಿರುತ್ತವೆ. ಕೈಗೆ ಸರಿಯಾದರೆ ಕಣ್ಣಿಗೆ ತಗ್ಗು, ಕಣ್ಣಿಗೆ ಸರಿಯಾದರೆ ಕೈಗೆ ಎತ್ತರ. ಬೇರೆ ಕೀಬೋರ್ಡ್, ಮೌಸ್ ಇಲ್ಲದೆ ಯಾವ ಡೆಸ್ಕೂ ನಿಮ್ಮ ಕತ್ತನ್ನು ಉಳಿಸುವುದಿಲ್ಲ. ದುಡ್ಡು ಮೊದಲು ಅದಕ್ಕೆ ಹಾಕಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಬರಲಿ, ಒಂದು ತೋಳಿನ ದೂರದಲ್ಲಿ ಇರಲಿ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕುವವರು ಪರದೆಯನ್ನು ಇನ್ನೂ ಮೂರ್ನಾಲ್ಕು ಸೆಂ.ಮೀ. ಇಳಿಸಿ. ಇಲ್ಲದಿದ್ದರೆ ಕೆಳಗಿನ ಗಾಜಿನಿಂದ ನೋಡಲು ಗದ್ದ ಎತ್ತುತ್ತೀರಿ.

ಕೂರುವ, ನಿಲ್ಲುವ ಎರಡೂ ಎತ್ತರವನ್ನು ಮೆಮೊರಿ ಬಟನ್‌ನಲ್ಲಿ ಇಡಿ. ಗಂಡ ಹೆಂಡತಿ ಇಬ್ಬರೂ ಬಳಸುವುದಾದರೆ ನಾಲ್ಕು ಬಟನ್ ಇರುವುದೇ ಬೇಕು. ಆ ಅಂಕಿಗಳನ್ನು ಹಲಗೆಯ ಅಡಿಯಲ್ಲಿ ಪೆನ್ಸಿಲಿನಿಂದಲೂ ಬರೆದಿಡಿ, ಬೇಗ ಉಪಯೋಗಕ್ಕೆ ಬರುತ್ತದೆ. ಕರೆಂಟ್ ಹೋಗಿ ಬಂದಾಗ ಕೆಲವು ಡೆಸ್ಕ್ ಎತ್ತರ ಮರೆಯುತ್ತವೆ. ಆಗ ಸಾಮಾನ್ಯವಾಗಿ ಕೆಳಗಿಳಿಸುವ ಬಟನನ್ನು ಪೂರ್ತಿ ತಳ ಮುಟ್ಟುವವರೆಗೆ ಒತ್ತಿ ಹಿಡಿಯಬೇಕು. ಡೆಸ್ಕನ್ನು ಇನ್ವರ್ಟರ್ ಲೈನಿಗೆ ಹಾಕಿ. ಏರುವ ಹತ್ತು ಹದಿನೈದು ಸೆಕೆಂಡು ಬಿಟ್ಟರೆ ಅದು ತಿನ್ನುವ ಕರೆಂಟು ತೀರಾ ಕಡಿಮೆ.

ವೈರ್, ಗೋಡೆ, ಮಕ್ಕಳು

ಎಕ್ಸ್‌ಟೆನ್ಷನ್ ಬೋರ್ಡನ್ನು ಹಲಗೆಯ ಅಡಿಗೆ ಸ್ಕ್ರೂ ಹಾಕಿ ಕೂರಿಸಿ. ಎಲ್ಲ ಚಾರ್ಜರ್ ಅಲ್ಲಿಗೆ. ಗೋಡೆಗೆ ಒಂದೇ ವೈರ್ ಹೋಗಬೇಕು. ಡೆಸ್ಕನ್ನು ಪೂರ್ತಿ ಮೇಲಕ್ಕೆ ಏರಿಸಿದ ಮೇಲೆಯೇ ವೈರುಗಳನ್ನು ಕಟ್ಟಿ. ಕೆಳಗಿದ್ದಾಗ ಕಟ್ಟಿದರೆ ಮೊದಲ ಸಲ ಏರಿಸಿದಾಗ ಮಾನಿಟರ್ ಪ್ಲಗ್ ಕಿತ್ತುಬರುತ್ತದೆ. ಗೋಡೆಯಿಂದ ಎರಡು ಇಂಚು ಬಿಡಿ. ಮೇಲೆ ಶೆಲ್ಫ್ ಇದೆಯಾ, ಒಳಗೆ ತೆರೆಯುವ ಕಿಟಕಿ ಬಾಗಿಲು ಇದೆಯಾ ನೋಡಿ. ಇಳಿಯುವಾಗ ಕುರ್ಚಿಯ ಕೈ ಸಿಕ್ಕಿಹಾಕಿಕೊಳ್ಳುವುದು ಬಹಳ ಸಾಮಾನ್ಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಚೈಲ್ಡ್ ಲಾಕ್ ಹಾಕಿಯೇ ಇಡಿ.

ಕಾಲಡಿ

ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಲ್ಲುವುದೇ ಹಿಮ್ಮಡಿ ನೋವಿಗೆ ದಾರಿ. ಎರಡು ಸೆಂ.ಮೀ. ದಪ್ಪದ, ಒತ್ತಿದರೆ ಮತ್ತೆ ಮೇಲೇಳುವ ಆಂಟಿ-ಫಟೀಗ್ ಮ್ಯಾಟ್ ತನ್ನಿ. ಯೋಗ ಮ್ಯಾಟ್ ತೆಳು, ಸಾಲದು. ತೆಂಗಿನ ನಾರಿನ ಕಾಲೊರಸು ಗಟ್ಟಿ. ಮ್ಯಾಟ್ ಬೇಡವೆಂದರೆ ಮೆತ್ತನೆಯ ಮನೆ ಚಪ್ಪಲಿ ಹಾಕಿ, ಅಳತೆಯನ್ನೂ ಅದನ್ನೇ ಹಾಕಿಕೊಂಡು ತೆಗೆಯಿರಿ. ಊಟದ ಮಣೆ ಇಲ್ಲೂ ಕೆಲಸಕ್ಕೆ ಬರುತ್ತದೆ. ಒಂದು ಕಾಲನ್ನು ಅದರ ಮೇಲಿಡಿ, ಐದು ನಿಮಿಷಕ್ಕೆ ಕಾಲು ಬದಲಿಸಿ. ಸೊಂಟಕ್ಕೆ ಎಷ್ಟು ಹಗುರ ಅನಿಸುತ್ತದೆ ನೋಡಿ. ಮಂಡಿಯನ್ನು ಹಿಂದಕ್ಕೆ ಸೆಟೆದು ನಿಲ್ಲಬೇಡಿ.

ಎಷ್ಟು ಹೊತ್ತು

ಮೊದಲ ವಾರ ಒಂದು ಸಲಕ್ಕೆ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಅದಕ್ಕಿಂತ ಜಾಸ್ತಿ ಬೇಡ, ಚೆನ್ನಾಗಿದೆ ಅನಿಸಿದರೂ ಬೇಡ. 2015ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ತಜ್ಞರ ಸಲಹೆ, ಕೂತು ಕೆಲಸ ಮಾಡುವವರು ಕೆಲಸದ ಹೊತ್ತಿನಲ್ಲಿ 2 ಗಂಟೆ ನಿಲ್ಲುವುದು, ಓಡಾಡುವುದರಿಂದ ಶುರುಮಾಡಿ ನಿಧಾನಕ್ಕೆ 4 ಗಂಟೆಗೆ ಹೋಗಿ ಎನ್ನುತ್ತದೆ. ನಾನು ಮೀಟಿಂಗ್, ಫೋನು, ಓದುವುದು ನಿಂತು ಮಾಡುತ್ತೇನೆ, ಬರೆಯುವುದು ಕೂತು. ಗರ್ಭಿಣಿಯರು, ಕಾಲಿನ ನರ ಉಬ್ಬಿರುವವರು ಮೊದಲು ವೈದ್ಯರನ್ನು ಕೇಳಿ.

ಹದಿನೈದು ದಿನ ಕಳೆದ ಮೇಲೆ ಅಲೆನ್ ಕೀ ಹಿಡಿದು ಎಲ್ಲ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಮಾಡಿ. ಏರಿ ಇಳಿದು ಅವು ಸಡಿಲವಾಗಿರುತ್ತವೆ. ಅದೇ ದಿನ ಟೇಪನ್ನೂ ಮತ್ತೊಮ್ಮೆ ಹಿಡಿಯಿರಿ. ಇಷ್ಟರಲ್ಲಿ ಹೆಗಲು ಸಡಿಲವಾಗಿ, ನಿಲ್ಲುವ ರೀತಿ ಬದಲಾಗಿ, ಮೊಣಕೈ ಒಂದೆರಡು ಸೆಂ.ಮೀ. ಇಳಿದಿರಬಹುದು. ಇಳಿದಿದ್ದರೆ ಹಳೆಯ ಪೆನ್ಸಿಲ್ ಅಂಕಿ ಅಳಿಸಿ ಹೊಸದನ್ನು ಬರೆಯಿರಿ.