ಬ್ಯಾಂಡಿಗೊಂದು ಮೈಸ್ಪೇಸ್ ಪುಟ: ನಾನು ಮಾಡುತ್ತಿದ್ದ ರೀತಿ

2007ರ ಸುಮಾರಿಗೆ ಬೆಂಗಳೂರಿನಲ್ಲಿ ಹುಡುಗರು ಬ್ಯಾಂಡ್ ಕಟ್ಟಿದರೆ ಹೆಸರಿಟ್ಟ ಮಾರನೇ ದಿನವೇ ಮೈಸ್ಪೇಸ್ ಪುಟ ಬೇಕು ಅನ್ನುತ್ತಿದ್ದರು. ಮೈಸ್ಪೇಸ್ ಅಂದರೆ ಆಗಿನ ಒಂದು ಸೋಷಿಯಲ್ ನೆಟ್‌ವರ್ಕ್ ಸೈಟು. ಹರಟೆಗೆ ಎಲ್ಲರೂ ಅಂಥದೇ ಇನ್ನೊಂದು ಸೈಟು ಆರ್ಕುಟ್‌ನಲ್ಲೇ ಇದ್ದರು, ಅದು ಬೇರೆ. ಆದರೆ ಸ್ವಂತ ಹಾಡು ಹಾಕಿ ಲಿಂಕ್ ಕೊಡೋದಕ್ಕೆ ಮೈಸ್ಪೇಸ್. ನನಗೆ ಅಷ್ಟಿಷ್ಟು ಎಚ್‌ಟಿಎಂಎಲ್, ಅಂದರೆ ವೆಬ್ ಪುಟ ಬರೆಯುವ ಕೋಡ್, ಬರುತ್ತಿತ್ತು. ಗೆಳೆಯರ ಬ್ಯಾಂಡಿಗೆ ಒಂದು ಪುಟ ಮಾಡಿಕೊಟ್ಟೆ, ಆಮೇಲೆ ಅವರ ಗೆಳೆಯರು ಬಂದರು. ಕೂಲಿ ಅಂದರೆ ಶೋ ಪಾಸು, ಜೊತೆಗೊಂದು ಮಸಾಲೆ ದೋಸೆ.

ಎಲ್ಲರ ಬೇಡಿಕೆ ಹೆಚ್ಚುಕಡಿಮೆ ಒಂದೇ. ‘ಮಗಾ, ಹಿಂದೆ ಬೆಂಕಿ ಉರೀತಿರ್ಬೇಕು’ ಅಂತ ಗಿಟಾರಿಸ್ಟ್. ಡ್ರಮ್ಮರ್‌ಗೆ ಕುಣಿಯುವ ತಲೆಬುರುಡೆ. ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಈ ಪುಟ ನೋಡೋರು ಯಾರು? ಯಾವುದೋ ಕಾಲೇಜಿನ ಫೆಸ್ಟ್ ಕಮಿಟಿಯವನು ಸೈಬರ್ ಕೆಫೆಯಲ್ಲಿ ಕೂತು ನೋಡುತ್ತಾನೆ. ಅವನಿಗೆ ಹಾಡು ಕೇಳಬೇಕು, ಮುಂದಿನ ಶೋ ಎಲ್ಲಿ ಅಂತ ಗೊತ್ತಾಗಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ತಿಳಿಯಬೇಕು. ಬೆಂಕಿ ಅವನಿಗೆ ಯಾಕೆ?

ಮನೆಗಳಲ್ಲಿ ಆಗ 256 ಕೆಬಿಪಿಎಸ್ ಬ್ರಾಡ್‌ಬ್ಯಾಂಡ್ ಇದ್ದರೆ ದೊಡ್ಡದು. ಆ ವೇಗದಲ್ಲಿ 300 ಕೆಬಿಯ ಒಂದು ಚಿತ್ರ ಇಳಿಯೋಕೆ ಹತ್ತು ಸೆಕೆಂಡ್ ಹತ್ತಿರ ಬೇಕು. ಹಾಗಾಗಿ ಹಿನ್ನೆಲೆಗೆ ಚಿತ್ರ ಬೇಡವೇ ಬೇಡ, ಒಂದೇ ಗಾಢ ಬಣ್ಣ ಸಾಕು ಅನ್ನುತ್ತಿದ್ದೆ. ಪುಟದ ಮೇಲ್ಭಾಗಕ್ಕೆ ಶೋದಲ್ಲಿ ತೆಗೆದ ಒಂದು ಒಳ್ಳೆ ಫೋಟೋ. ಅದನ್ನೂ ಹಿಂಡಿ ಹಿಂಡಿ 50–60 ಕೆಬಿಗೆ ತರುತ್ತಿದ್ದೆ.

ಇನ್ನು ಕೋಡ್. ಪುಟದೊಳಗೆ ಓಡುವ ಪ್ರೋಗ್ರಾಂ ಬರೆಯುವ ಜಾವಾಸ್ಕ್ರಿಪ್ಟನ್ನು ಮೈಸ್ಪೇಸ್ ಬಿಡುತ್ತಿರಲಿಲ್ಲ. 2005ರ ಅಕ್ಟೋಬರಿನಲ್ಲಿ ಸ್ಯಾಮಿ ಅನ್ನೋ ವರ್ಮ್ (ತಾನಾಗಿ ಹರಡುವ ಕೋಡ್) ಆ ಗೋಡೆಯನ್ನೂ ದಾಟಿ, ಒಂದು ದಿನದೊಳಗೆ ಹತ್ತು ಲಕ್ಷಕ್ಕೂ ಜಾಸ್ತಿ ಪ್ರೊಫೈಲ್‌ಗಳಿಗೆ ಹರಡಿತ್ತು. ನಮಗೆ ಉಳಿದದ್ದು ಪುಟದ ಬಣ್ಣ, ಅಂದಚೆಂದ ಹೇಳುವ ಕೋಡ್ ಸಿಎಸ್‌ಎಸ್. ಅದನ್ನು ಹಾಕೋಕೂ ಪ್ರತ್ಯೇಕ ಜಾಗ ಇರಲಿಲ್ಲ. ಬ್ಯಾಂಡಿನ ಪರಿಚಯ ಬರೆಯುವ ‘ಬಯೋ’ ಪೆಟ್ಟಿಗೆಯಲ್ಲೇ ಸ್ಟೈಲ್ ಟ್ಯಾಗ್ ಸಮೇತ ಅಂಟಿಸಬೇಕು.

ಪುಟವನ್ನು ಕಟ್ಟಿದ್ದು ಟೇಬಲ್, ಅಂದರೆ ಸಾಲು-ಕಾಲಂಗಳ ಚೌಕಟ್ಟುಗಳಲ್ಲಿ: ಟೇಬಲ್ ಒಳಗೆ ಟೇಬಲ್, ಅದರೊಳಗೆ ಇನ್ನೊಂದು ಟೇಬಲ್. ಒಂದಕ್ಕೂ ನೆಟ್ಟಗೆ ಹೆಸರಿಲ್ಲ. ಆದ್ದರಿಂದ ಮೊದಲು ಎಲ್ಲ ಟೇಬಲ್‌ಗಳ ಹಿನ್ನೆಲೆಯನ್ನೂ ಪಾರದರ್ಶಕ ಮಾಡಿ, ಅಂಚು ಕಿತ್ತು ಹಾಕುತ್ತಿದ್ದೆ. ಆಮೇಲೆ ‘ಟೇಬಲ್ ಟೇಬಲ್ ಟೇಬಲ್ ಟಿಡಿ’ (ಟಿಡಿ ಅಂದರೆ ಟೇಬಲಿನ ಒಂದು ಮನೆ) ಅಂತ ಬರೆದು, ಎಷ್ಟು ಆಳ ಅಂತ ಎಣಿಸಿಕೊಂಡು ಬೇಕಾದ ಕಡೆ ಬಣ್ಣ ತುಂಬೋದು. ತಲೆಬರಹಗಳಿಗೆ ಮಾತ್ರ ‘ಆರೆಂಜ್‌ಟೆಕ್ಸ್ಟ್15’ ಥರದ ಕ್ಲಾಸ್ ಹೆಸರು, ಅಂದರೆ ಸಿಎಸ್‌ಎಸ್‌ನಲ್ಲಿ ಹೆಸರು ಹಿಡಿದು ಕರೆಯುವ ಗುರುತು, ಇದ್ದವು. ಆ ಆರೆಂಜನ್ನು ಹಸಿರು ಮಾಡಿದ್ದೇ ನಮ್ಮ ಬೇಸ್ ಗಿಟಾರಿಸ್ಟ್‌ಗೆ ಮಹಾ ತಮಾಷೆ. ಬಣ್ಣದ ಕೋಡ್ ಬರೆಯುವಾಗ ಹ್ಯಾಶ್ ಚಿಹ್ನೆ ಬಿಟ್ಟೇ ಬರೆಯಬೇಕಿತ್ತು, ಅದನ್ನು ಸೈಟು ಒಪ್ಪುತ್ತಿರಲಿಲ್ಲ. ಜಾಹೀರಾತು ಮುಚ್ಚುವ ಹಾಗಿರಲಿಲ್ಲ, ಅದು ನಿಯಮ. ಹಾಗಾಗಿ ಮೇಲಿನ ಜಾಹೀರಾತು ಪಟ್ಟಿ ಮುಟ್ಟದೆ ಅದರ ಕೆಳಗಿನಿಂದ ನಮ್ಮ ಕೆಲಸ ಶುರು.

ಸಿಕ್ಕಾಪಟ್ಟೆ ಕಾಟ ಕೊಟ್ಟಿದ್ದು ಬ್ಯಾಂಡಿನ ಹೆಸರು. ಕನ್ನಡದಲ್ಲೇ ಇರಬೇಕು ಅನ್ನೋದು ಹಾಡುಗಾರನ ಹಟ, ನನಗೂ ಅದೇ ಇಷ್ಟ. ಆದರೆ ವಿಂಡೋಸ್ ಎಕ್ಸ್‌ಪಿಯಲ್ಲಿ ಭಾರತೀಯ ಭಾಷೆಗಳ ಬೆಂಬಲ ಆನ್ ಮಾಡದಿದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿ, ಇಲ್ಲವೇ ಬರೀ ಚೌಕಗಳು. ಕೆಫೆಗಳಲ್ಲಿ ಅದನ್ನು ಆನ್ ಮಾಡಿಟ್ಟಿರೋರು ಎಲ್ಲಿ? ಕಾಗದದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆಸಿ, ಸ್ಕ್ಯಾನ್ ಮಾಡಿ, ಎರಡೇ ಬಣ್ಣದ ಪುಟ್ಟ ಜಿಫ್ ಚಿತ್ರ ಮಾಡಿ ಹಾಕಿದೆ. ಕೈಬರಹದ ಆ ಹೆಸರು ಯಾವ ಫಾಂಟಿಗಿಂತಲೂ ಚೆನ್ನಾಗಿತ್ತು. ಮುಂದೆ ಅವರ ಟೀ ಶರ್ಟ್ ಮೇಲೂ ಅದೇ ಬಂತು.

ಹಾಡಿನ ಪ್ಲೇಯರ್ ಪುಟ ತೆರೆದ ಕೂಡಲೇ ತಾನಾಗಿ ಶುರುವಾಗುತ್ತಿತ್ತು. ಅದು ಬೇಕೋ ಬೇಡವೋ ಅಂತ ಪ್ರತಿ ಬ್ಯಾಂಡಿನ ಜೊತೆಗೂ ಜಗಳ. ಹಾಡು ತಾನಾಗಿ ಬರಲಿ, ಆದರೆ ಪುಟದಲ್ಲಿ ತಾನಾಗಿ ಓಡುವ ವಿಡಿಯೋ ಒಂದೂ ಇರಬಾರದು ಅನ್ನೋದು ನನ್ನ ಷರತ್ತು. ಎರಡೂ ಒಟ್ಟಿಗೆ ಅರಚಿದರೆ ಕೇಳೋನು ಕಿಟಕಿಯನ್ನೇ ಮುಚ್ಚುತ್ತಾನೆ ಅಲ್ವಾ? ಮೊದಲ ಸ್ಥಾನಕ್ಕೆ ಇಂಟ್ರೋ ಉದ್ದ ಇರುವ ಹಾಡು ಬೇಡ. ಮೊದಲ ಹದಿನೈದು ಸೆಕೆಂಡಿನಲ್ಲಿ ದನಿ ಕೇಳಿಸಬೇಕು.

ಕಾಮೆಂಟ್‌ಗಳದ್ದು ಬೇರೆ ಕಥೆ. ಬೇರೆ ಬ್ಯಾಂಡಿನವರು ಥ್ಯಾಂಕ್ಸ್ ಹೇಳುವ ನೆಪದಲ್ಲಿ ತಮ್ಮ ಶೋ ಪೋಸ್ಟರ್ ಅಂಟಿಸಿ ಹೋಗುತ್ತಿದ್ದರು. ಅಗಲದ ಒಂದು ಚಿತ್ರ ಬಿದ್ದರೆ ಇಡೀ ಪುಟ ಪಕ್ಕಕ್ಕೆ ಹಿಗ್ಗುತ್ತಿತ್ತು. ಒಪ್ಪಿಗೆ ಕೊಟ್ಟ ಮೇಲೇ ಕಾಮೆಂಟ್ ಕಾಣಿಸುವ ಸೆಟ್ಟಿಂಗ್ ಹಾಕಿ, ಆ ಕೆಲಸ ಡ್ರಮ್ಮರ್‌ಗೆ ಒಪ್ಪಿಸಿದೆ. ತಲೆಬುರುಡೆ ಸಿಗದ ಸಿಟ್ಟು ಅಲ್ಲಿ ತೀರಿಸಿಕೊಂಡ.

ಆಮೇಲೆ ಎಲ್ಲರೂ ಫೇಸ್‌ಬುಕ್ಕಿಗೆ ಹೋದರು. ಅಲ್ಲಿ ಎಲ್ಲರ ಪುಟಕ್ಕೂ ಒಂದೇ ನೀಲಿ ಸಮವಸ್ತ್ರ. 2019ರಲ್ಲಿ ಮೈಸ್ಪೇಸ್, ಸರ್ವರ್ ಬದಲಿಸುವಾಗ ಹಳೆಯ ಹಾಡು, ಫೋಟೋಗಳು ಕಳೆದುಹೋದವು ಅಂತ ಒಪ್ಪಿಕೊಂಡಿತು. ನಮ್ಮವರ ಮೂಲ ರೆಕಾರ್ಡಿಂಗ್ ಮಾತ್ರ ಬೇಸ್ ಗಿಟಾರಿಸ್ಟ್ ಹತ್ತಿರ ಸಿಡಿಯಲ್ಲಿತ್ತು, ಈಗ ಅದನ್ನು ಹಾರ್ಡ್ ಡಿಸ್ಕಿಗೆ ಹಾಕಿದ್ದೇವೆ. ಈಗಲೂ ಹೊಸ ಹುಡುಗರು ಇನ್‌ಸ್ಟಾಗ್ರಾಂ ಪ್ರೊಫೈಲ್ ನೋಡಿ ಹೇಳಿ ಅಂತ ಬರುತ್ತಾರೆ. ಮೊದಲು ಆ ಬಯೋದಲ್ಲಿರುವ ಗಿಟಾರ್ ಎಮೋಜಿಗಳನ್ನೆಲ್ಲ ಅಳಿಸಿಸುತ್ತೇನೆ. ಆ ಜಾಗಕ್ಕೆ ಹಾಡಿನ ಲಿಂಕು, ಶೋ ಬೇಕಾದವರು ಯಾರಿಗೆ ಬರೆಯಬೇಕು ಅನ್ನೋದು. ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ.