ಕಫದಲ್ಲಿ ರಕ್ತ ಬಂತಾ? ಡಬ್ಬಿಗೆ ಜೊಲ್ಲು ಕೊಡ್ಬೇಡಿ, ಕಫ ಕೊಡಿ

ಕಫ ಹಳದಿ ಆಯ್ತು, ಹಸಿರಾಯ್ತು, ಈಗ ರಕ್ತದ ಎಳೆನೂ ಕಾಣ್ತಿದೆ, ಆದ್ರೂ ಜನ ಮೊದ್ಲು ಓಡೋದು ಮೆಡಿಕಲ್ ಶಾಪಿಗೆ. ಆಮೇಲೆ ಡಾಕ್ಟ್ರು ಕಫ ಪರೀಕ್ಷೆ ಬರೆದ್ರೆ ಡಬ್ಬಿಗೆ ತುಪುಕ್ ಅಂತ ಜೊಲ್ಲು ಉಗಿದು ಕೊಟ್ಟು ಬರ್ತಾರೆ. ರಿಪೋರ್ಟ್ ನಾರ್ಮಲ್ ಅಂತ ಬರುತ್ತೆ, ಕಾಯಿಲೆ ಹಾಗೇ ಒಳಗಿರುತ್ತೆ.

ಮೊದ್ಲು ರಕ್ತ ಎಲ್ಲಿಂದ ಬಂತು ನೋಡ್ಕೊಳಿ. ವಸಡಿಂದ ಬಂದಿರಬಹುದು, ಮೂಗಿಂದ ಗಂಟಲಿಗೆ ಇಳಿದಿರಬಹುದು. ವಾಂತಿ ಜೊತೆ ಕಾಫಿಪುಡಿ ಥರ ಕಪ್ಪಗೆ ಬಂದ್ರೆ ಅದು ಹೊಟ್ಟೆದು. ಎಲೆ ಅಡಿಕೆ ಹಾಕೋರು ಬಾಯಿ ಚೆನ್ನಾಗಿ ತೊಳ್ಕೊಂಡು ಆಮೇಲೆ ಗಾಬರಿಯಾಗಿ.

ಬಾಯಿ ತುಂಬ ರಕ್ತ ಬರ್ತಿದ್ರೆ, ಉಸಿರು ಕಟ್ತಿದ್ರೆ, ಎದೆನೋವಿನ ಜೊತೆ ಒಂದೇ ಕಾಲು ಊದಿದ್ರೆ ಡಬ್ಬಿ ಗಿಬ್ಬಿ ಬಿಡಿ, 108ಕ್ಕೆ ಫೋನ್ ಮಾಡಿ.

ಕಾರಣ ಒಂದಲ್ಲ. ಬ್ರಾಂಕೈಟಿಸ್ ಅಂದ್ರೆ ಶ್ವಾಸನಾಳದ ಉರಿಯೂತ ಆಗಿ ಜೋರಾಗಿ ಕೆಮ್ಮಿದ್ರೂ ಒಂದೆರಡು ಎಳೆ ಬರುತ್ತೆ, ನ್ಯುಮೋನಿಯಾದಲ್ಲಿ ತುಕ್ಕಿನ ಬಣ್ಣ ಬರಬಹುದು, ಶ್ವಾಸನಾಳ ಹಿಗ್ಗಿಹೋದೋರಿಗೆ ದಿನಾ ರಾಶಿ ಕಫ, ವಾಸನೆ ಬೇರೆ. ಟಿಬಿ, ಬೀಡಿ ಸಿಗರೇಟು ಸೇದೋರಲ್ಲಿ ಕ್ಯಾನ್ಸರ್, ಹಾರ್ಟಿನ ವಾಲ್ವ್ ಕಿರಿದಾಗಿರೋದು, ರಕ್ತ ತೆಳ್ಳಗೆ ಮಾಡೋ ಮಾತ್ರೆ, ಎಲ್ಲಾದ್ರಿಂದನೂ ಆಗಬಹುದು. ಬರೀ ಬಣ್ಣ ನೋಡಿ "ಹಸಿರಿದೆ, ಆ್ಯಂಟಿಬಯೋಟಿಕ್ ತಗೋ" ಅನ್ನೋರ ಮಾತು ಕೇಳ್ಲೇಬೇಡಿ. ಅದ್ರಲ್ಲೂ ಲೆವೊಫ್ಲಾಕ್ಸಸಿನ್ ಥರದ ಮಾತ್ರೆ ಟಿಬಿನ ಸ್ವಲ್ಪ ದಿನ ಅಡಗಿಸಿ ಇಟ್ಬಿಡುತ್ತೆ, ಪತ್ತೆ ಹಚ್ಚೋದು ತಡ ಆಗುತ್ತೆ. ಕೆಮ್ಮು ಅದುಮೋ ಕೊಡೀನ್ ಸಿರಪ್ ಅಂತೂ ಇಂಥ ಟೈಮಲ್ಲಿ ನಂಗೆ ಸುತಾರಾಂ ಆಗಲ್ಲ, ಹೊರಗೆ ಬರಬೇಕಾದ ಕಫ ಒಳಗೇ ಕೂರುತ್ತೆ.

ಈಗ ಡಬ್ಬಿ ವಿಷಯ, ಇಲ್ಲೇ ಎಲ್ರೂ ಎಡವೋದು. ಎರಡು ವಾರ ಮೀರಿದ ಕೆಮ್ಮಿರಲಿ, ರಕ್ತ ಕಂಡಿರಲಿ, ಸರ್ಕಾರಿ ಆಸ್ಪತ್ರೇಲಿ ಟಿಬಿ ಪರೀಕ್ಷೆ ಫ್ರೀ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಹೋದ್ರೆ ಡಬ್ಬಿ ಕೊಡ್ತಾರೆ, ಊರಿನ ಆಶಾ ಅಕ್ಕನ್ನ ಕೇಳಿದ್ರೂ ಹೇಳ್ತಾರೆ. ಬೆಳಿಗ್ಗೆ ಎದ್ದ ತಕ್ಷಣ, ಕಾಫಿ ತಿಂಡಿಗಿಂತ ಮೊದ್ಲು ಕೊಡೋ ಕಫನೇ ಒಳ್ಳೇದು, ರಾತ್ರಿಯೆಲ್ಲಾ ಕಟ್ಟಿರುತ್ತಲ್ಲ. ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಪೇಸ್ಟೂ ಬೇಡ ಮೌತ್‌ವಾಶೂ ಬೇಡ. ಬಚ್ಚಲುಮನೆ ಒಳಗೆ ಬಾಗಿಲು ಹಾಕ್ಕೊಂಡು ಕೆಮ್ಮಬೇಡಿ, ಹೊರಗೆ ಗಾಳಿ ಆಡೋ ಕಡೆ, ಎದುರಿಗೆ ಯಾರೂ ಇಲ್ಲದ ಹಾಗೆ ನಿಂತ್ಕೊಳಿ. ಉಸಿರು ಉದ್ದಕ್ಕೆ ಎಳ್ಕೊಂಡು ಸ್ವಲ್ಪ ಹಿಡಿದು ಬಿಡಿ, ಇನ್ನೊಂದು ಸಲ ಹಾಗೇ ಮಾಡಿ, ಮೂರನೇ ಸಲ ಎಳ್ಕೊಂಡು ಎದೆಯಾಳದಿಂದ ಕೆಮ್ಮಿ. ಗಂಟಲಲ್ಲೇ ಕ್ಯಾಕರಿಸಿದ್ದು ಲೆಕ್ಕಕ್ಕಿಲ್ಲ. ಡಬ್ಬಿಗೆ ಬಿದ್ದಿದ್ದು ಗಟ್ಟಿಯಾಗಿ, ಅಂಟಂಟಾಗಿ, ಹಳದಿನೋ ಬಿಳಿನೋ ಇರಬೇಕು, ನೀರು ನೀರಾಗಿ ಗುಳ್ಳೆ ತೇಲ್ತಿದ್ರೆ ಅದು ಜೊಲ್ಲೇ, ಮತ್ತೆ ಕೆಮ್ಮಿ. ಒಂದು ಚಹಾ ಚಮಚದಷ್ಟಿದ್ರೆ ಚೆನ್ನಾಗಿ ಸಾಕು. ಡಬ್ಬಿ ಒಳಗೆ ಬೆರಳು ಹಾಕದೆ ಮುಚ್ಚಳ ಬಿಗಿ ಮಾಡಿ, ಹೆಸರಿನ ಚೀಟಿ ಮುಚ್ಚಳದ ಮೇಲಲ್ಲ, ಡಬ್ಬಿ ಮೇಲೇ ಅಂಟಿಸಿ, ಅವತ್ತೇ ತಲುಪಿಸಿ. ಬಿಸಿಲಲ್ಲಿ ಸ್ಕೂಟರ್ ಡಿಕ್ಕೀಲಿಟ್ಟು ಸಂಜೆವರೆಗೂ ಸುತ್ತಬೇಡಿ.

ಕಫದಲ್ಲಿ ಟಿಬಿ ರೋಗಾಣು ಹುಡುಕೋ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಮೆಷಿನ್ನಲ್ಲಿ ಟಿಬಿ ಅಷ್ಟೇ ಅಲ್ಲ, ರಿಫಾಂಪಿಸಿನ್ ಅನ್ನೋ ಮುಖ್ಯ ಔಷಧಿ ನಾಟುತ್ತಾ ಇಲ್ವಾ ಅನ್ನೋದೂ ಗೊತ್ತಾಗುತ್ತೆ. ನಾಟೋ ಹಾಗಿದ್ರೆ ಸಾಮಾನ್ಯವಾಗಿ 6 ತಿಂಗಳು ಮಾತ್ರೆ, ಅದೂ ಫ್ರೀ, ಜೊತೆಗೆ ಊಟದ ಖರ್ಚಿಗೆ ನಿಕ್ಷಯ್ ಪೋಷಣ್ ಅನ್ನೋ ಸರ್ಕಾರಿ ಯೋಜನೇಲಿ ತಿಂಗಳಿಗೆ 1000 ರೂಪಾಯಿ ಬ್ಯಾಂಕಿಗೆ ಬರುತ್ತೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಅದು ಮಾತ್ರೆ ಬಣ್ಣ, ರಕ್ತ ಅಂದ್ಕೊಂಡು ನಿಲ್ಲಿಸಬೇಡಿ. ಎರಡು ತಿಂಗಳಿಗೆ ಹುಷಾರಾದಂಗೆ ಅನ್ಸುತ್ತೆ, ಆಗಲೂ ನಿಲ್ಲಿಸಬೇಡಿ.

ಟಿಬಿ ಇಲ್ಲ ಅಂತ ಬಂದ್ರೂ ರಕ್ತ ನಿಲ್ಲದಿದ್ರೆ ಶ್ವಾಸಕೋಶದ ಡಾಕ್ಟ್ರ ಹತ್ರ ಎಕ್ಸ್‌ರೇ, ಬೇಕಾದ್ರೆ ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕ್ಯಾಮೆರಾ ಕೊಳವೆ ಇಳಿಸಿ ನೋಡೋದು) ಮಾಡಿಸಿ. 40 ದಾಟಿ ಬೀಡಿ ಸೇದೋರಾದ್ರೆ ಎಕ್ಸ್‌ರೇ ಚೆನ್ನಾಗಿದೆ ಅಂದ್ರೂ ಸಿಟಿ ಬಗ್ಗೆ ನೀವೇ ಬಾಯ್ಬಿಟ್ಟು ಕೇಳಿ.